ಅಳಿಯ ತಂದ ಕರಿಯೆಣ್ಣೆ

ಆ ಬೆಳಿಗ್ಗೆ ಮಂಜು ಬೀದಿಗಿಳಿದು ಕೂತುಬಿಟ್ಟಿತ್ತು. ಎದುರುಮನೆಯ ಬಾಗಿಲು ಕಾಣಿಸದು, ಬಾಗಿಲು ತೆರೆದ ಸದ್ದು ಮಾತ್ರ ಕೇಳಿಸುವುದು. ಅಂಥ ತೇವದಲ್ಲಿ ಹಿಟ್ಟು ಜರಡಿಗೆ ಅಂಟುತ್ತದೆ, ಬೆಲ್ಟು ಜಾರುತ್ತದೆ, ಮನುಷ್ಯರ ಮನಸ್ಸಿಗೂ ಒಂದಿಷ್ಟು ಮಬ್ಬು ಕವಿಯುತ್ತದೆ. ಗಿರಣಿಯಮ್ಮ ಬೀಗ ತೆಗೆದು ಒಳಗೆ ಬಂದು, ಮೋಟಾರಿನ ಗುಂಡಿ ಒತ್ತುವ ಮುನ್ನ ಎಂದಿನಂತೆ ಕಣ್ಣುಮುಚ್ಚಿ ನಿಂತಳು. “ಯಾರ ಬೆರಳೂ ಸಿಗದಿರಲಿ, ಯಾರ ಹಿಟ್ಟೂ ಅದಲುಬದಲಾಗದಿರಲಿ, ತಂದೆ.” ಇಷ್ಟೇ ಆಕೆಯ ಪ್ರಾರ್ಥನೆ. ಇವತ್ತು ಅದರ ಬಾಲಕ್ಕೆ ಇನ್ನೊಂದು ಸೇರಿಕೊಂಡಿತು: “ನನ್ನ ಮಗಳು ಮೋಸಗಾರನ ಕೈ ಹಿಡಿದಿರದಿರಲಿ.”

ಮೋಸಗಾರನೆಂದು ಆಕೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದು ಅಳಿಯನನ್ನು. ಆತ ಯಂತ್ರಗಳಿಗೆ ಎಣ್ಣೆ ತಯಾರಿಸುವ ಪ್ರಯೋಗಾಲಯದಲ್ಲಿದ್ದ. ಹೋದ ತಿಂಗಳು ಒಂದು ಕ್ಯಾನು ಕರಿಯೆಣ್ಣೆ ತಂದು, “ಅತ್ತೆ, ನಿಮ್ಮ ಗೇರ್ ಬಾಕ್ಸಿಗೆ ಇದನ್ನ ಹಾಕಿ ನೋಡಿ. ಪೆನ್ಸಿಲ್ ಕಡ್ಡಿ ಕಾಗದದ ಮೇಲೆ ಜಾರತ್ತಲ್ಲ, ಅದರದ್ದೇ ಪದರಗಳು ಇದರಲ್ಲಿವೆ. ಕಣ್ಣಿಗೆ ಕಾಣದಷ್ಟು ತೆಳು. ಹಲ್ಲಿಗೆ ಹಲ್ಲು ಉಜ್ಜೋ ಜಾಗದಲ್ಲಿ ಹಾಸಿಕೊಂಡು ಬಿಡ್ತವೆ. ಸವೆತ ಕಡಿಮೆ, ಬಿಸಿ ಕಡಿಮೆ” ಎಂದಿದ್ದ.

“ಕಣ್ಣಿಗೆ ಕಾಣಲ್ಲ ಅಂದ್ಮೇಲೆ, ಇದೆ ಅಂತ ನಂಬೋದು ಹೇಗೆ?”

“ನೀವು ದೇವರನ್ನ ನಂಬಲ್ವಾ?”

“ದೇವರು ನನಗೆ ಎಣ್ಣೆ ಮಾರೋಕೆ ಬಂದಿಲ್ಲ.”

ಮಗಳು ನಕ್ಕಿದ್ದಳು. ಆದರೆ ಅಳಿಯನ ಪಾಲಿಗೆ ಇದು ನಗೆಯಾಟವಾಗಿರಲಿಲ್ಲ. ಧೂಳು, ತೇವ, ಭಾರ ಎಲ್ಲವೂ ಇರುವ ನಿಜವಾದ ಗಿರಣಿಯಲ್ಲಿ ಎಣ್ಣೆ ಗೆದ್ದರೆ ಆತನ ಕೆಲಸ ಮುಂದುವರಿಯುವುದು. ಸೋತರೆ ಆ ವಿಭಾಗದ ಬಾಗಿಲೇ ಮುಚ್ಚುವುದು, ಆತನಿಗೂ ಹೊರದಾರಿ. ತೀರ್ಪು ಕೇಳಲು ಆತನ ಮೇಲಧಿಕಾರಿ ಇವತ್ತೇ ಗಿರಣಿಗೆ ಬರುವವರಿದ್ದರು.

ಗಿರಣಿಯಮ್ಮ ಗೇರ್ ಬಾಕ್ಸಿನ ಮೇಲೆ ಅಂಗೈ ಇಟ್ಟಳು. ಮೋಟಾರು ತಿರುಗಲು ಶುರುವಾಗಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಆಗಲೇ ಕೈ ಚುರುಕ್ಕೆಂದಿತು. ಹಳೇ ಎಣ್ಣೆಯಲ್ಲೂ ಹೀಗೇ ಇತ್ತು, ಹೊಸದರಲ್ಲೂ ಹೀಗೇ. ಹಾಗಾದರೆ ಅಳಿಯ ಹೇಳಿದ್ದೆಲ್ಲ ಬರೀ ಬಣ್ಣ. ಅಂಗಡಿಯ ಎಣ್ಣೆಗೇ ಮಸಿ ಕಲಸಿ ತಂದಿರಬೇಕು. ಮೊನ್ನೆ ಬಂದಾಗ ಆತ ಬಿಸಿಯಾದ ಗೇರ್ ಬಾಕ್ಸನ್ನು ಮುಟ್ಟಿ, ಬರಿದಾದ ಕ್ಯಾನನ್ನು ಎತ್ತಿ ನೋಡಿ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡಿದ್ದ. ಕಳ್ಳನಿಗೆ ಮಾತ್ರ ಬರುವ ನೋಟ ಅದು ಎಂದು ಆಕೆಗೆ ಅನಿಸಿತ್ತು. ಮೇಲಧಿಕಾರಿಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ಆಕೆ ನಿಶ್ಚಯಿಸಿದಳು. ಮಗಳ ಸಂಸಾರ ಅಂತ ಸುಳ್ಳಾಡಿದರೆ ನಾಳೆ ಯಾವ ಬಾಯಿಂದ ಪ್ರಾರ್ಥನೆ ಮಾಡುವುದು?

ಅಳಿಯ ಹೇಳಿದ್ದಕ್ಕಿಂತ ಮುಂಚೆಯೇ ಬಂದ. ಕಾಲು ಒರೆಸಿಕೊಂಡವನು ನೇರವಾಗಿ ಗೇರ್ ಬಾಕ್ಸಿನ ಬಳಿಗೆ ಹೋಗಿ, ಮೋಟಾರು ನಿಲ್ಲಿಸಿ, ಅಳತೆಕಡ್ಡಿ ಎಳೆದ. ಕಡ್ಡಿಯ ತುದಿಯಲ್ಲಿ ಜೇನಿನ ಬಣ್ಣದ ತಿಳಿಯೆಣ್ಣೆ.

“ಅತ್ತೆ, ಇದು ನನ್ನ ಎಣ್ಣೆ ಅಲ್ಲ.”

“ಮತ್ತೆ ಯಾರದ್ದು? ನೀವು ಕೊಟ್ಟ ಕ್ಯಾನಿಂದಲೇ ಸುರಿದಿದ್ದು.”

“ನಾನು ಕೊಟ್ಟಿದ್ದು ಕಪ್ಪು.”

“ಅಂದ್ರೆ? ನಾನು ಬದಲಾಯಿಸಿದೆ ಅಂತೀರಾ?”

“ನಾನು ಹಾಗೆ ಹೇಳಲಿಲ್ಲ.”

“ಬಾಯಿ ಹೇಳಲಿಲ್ಲ, ಮುಖ ಹೇಳ್ತಾ ಇದೆ. ಅತ್ತೆ ಎಣ್ಣೆ ಕದ್ದಳು ಅಂತ ನಿಮ್ಮ ಮೇಡಂಗೂ ಹೇಳಿಬಿಡಿ. ನಿಮ್ಮ ಮಸಿನೀರಿನ ಕಥೆ ನಾನೂ ಹೇಳ್ತೀನಿ.”

ಅಳಿಯನ ಕಿವಿ ಕೆಂಪಾಯಿತು. ಆತನೂ ಅತ್ತೆಯಿಂದ ಒಂದು ಅನುಮಾನವನ್ನು ಬಚ್ಚಿಟ್ಟಿದ್ದ: ಅತ್ತೆ ಹೊಸದನ್ನು ಹಾಕಿಯೇ ಇಲ್ಲ, ತನ್ನನ್ನು ಸೋಲಿಸಲೆಂದೇ ಹಳೆಯದನ್ನು ಓಡಿಸುತ್ತಿದ್ದಾಳೆ ಎಂದು. ಇಬ್ಬರೂ ತಮ್ಮತಮ್ಮ ಅನುಮಾನವನ್ನು ಇಷ್ಟು ದಿನ ಮಗಳ ಕಿವಿಗೆ ಸುರಿದಿದ್ದರು. ಆಕೆ ರೋಸಿ ಹೋಗಿ, “ನೀವಿಬ್ಬರೇ ಮಾತಾಡ್ಕೊಳ್ಳಿ, ನಾನೇನು ಅಂಚೆಪೆಟ್ಟಿಗೆನಾ?” ಎಂದು ಕೈಮುಗಿದಿದ್ದಳು.

ಅದೇ ಮಗಳು ಈಗ ಗೋದಿ ಮೂಟೆಗಳ ತಳ್ಳುಗಾಡಿಯನ್ನು ಒಳಗೆ ತಂದು ಅಳಿಯನ ಬೆನ್ನ ಹಿಂದೆಯೇ ನಿಲ್ಲಿಸಿದಳು. ಆತ ಬೆಚ್ಚಿ ಹಾರಿದ.

“ಏನೇ ಇದು, ಬೆಕ್ಕಿನ ಹಾಗೆ ಬರ್ತೀಯ! ಈ ಗಾಡಿ ಬೀದಿಯ ತಿರುವಿನಿಂದಲೇ ಕಿರುಚ್ತಿತ್ತಲ್ಲ?”

“ಈಗೀಗ ಬಾಯಿ ಮುಚ್ಕೊಂಡಿದೆ. ಮನೇಲಿ ಅದೊಂದಾದ್ರೂ!”

ಅಳಿಯ ಮೊಣಕಾಲೂರಿ ಗಾಡಿಯ ಅಚ್ಚನ್ನು ಬೆರಳಿನಿಂದ ಸವರಿದ. ಬೆರಳು ಕಪ್ಪಾಯಿತು. ಉಜ್ಜಿದ, ರೇಷ್ಮೆಯಂತೆ ಜಾರಿತು. ಆತ ಬಹಳ ಮೆಲ್ಲಗೆ ಕೇಳಿದ: “ಅತ್ತೆ, ಇದಕ್ಕೆ ಏನು ಹಾಕಿದ್ರಿ?”

“ಏನು ಹಾಕ್ತೀನಿ? ಕ್ಯಾನಿನ ತಳದಲ್ಲಿದ್ದ ಗಸಿ. ಚೆಲ್ಲೋಕೆ ಮನಸ್ಸು ಬರದೆ ಡಬ್ಬಿಗೆ ತೆಗೆದಿಟ್ಟಿದ್ದೆ.”

ಈ ಗಿರಣಿಯಲ್ಲಿ ಒಂದು ಪದ್ಧತಿಯಿತ್ತು. ಗಂಡ ಬದುಕಿದ್ದಾಗ ಎಣ್ಣೆಯ ಜೊತೆ ಮರಳು ಹೋಗಿ ಒಂದು ಗೇರ್ ಬಾಕ್ಸು ಪುಡಿಯಾಗಿತ್ತು. ಅಂದಿನಿಂದ ಯಾವ ಎಣ್ಣೆ ಬಂದರೂ ಅಲುಗಾಡಿಸದೆ ಮೂಲೆಯಲ್ಲಿ ಕೂರಿಸುವುದು, ಕಸವೆಲ್ಲ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳುವುದು. ಕರಿಯೆಣ್ಣೆಗೂ ಆಕೆ ಅಷ್ಟೇ ಶ್ರದ್ಧೆಯಿಂದ ಅದನ್ನೇ ಮಾಡಿದ್ದಳು. ಎಷ್ಟೊಂದು ಕಸ ಇಳಿಯಿತೆಂದು ಮೂಗು ಮುರಿದೂ ಇದ್ದಳು.

“ಆ ಕಸಾನೇ ಅತ್ತೆ ನನ್ನ ಎಣ್ಣೆ,” ಎಂದ ಅಳಿಯ. ನಗಬೇಕೋ ಅಳಬೇಕೋ ತಿಳಿಯದ ದನಿ. “ಪದರಗಳೆಲ್ಲ ತಳಕ್ಕೆ ಇಳಿದಿವೆ. ಚೆನ್ನಾಗಿ ಕುಲುಕಿ ಹಾಕಬೇಕಿತ್ತು.”

“ಕುಲುಕಿ ಅಂತ ನೀವು ಹೇಳಿದ್ರಾ?”

ಆತ ತಲೆ ತಗ್ಗಿಸಿದ. “ಹೇಳಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ ಅದು. ಇಲ್ಲಿ ಹೇಳಬೇಕು ಅಂತಾನೇ ಹೊಳೀಲಿಲ್ಲ.”

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಮೇಲಧಿಕಾರಿ ಮಂಜಿನಿಂದ ಒದ್ದೆಯಾದ ಕನ್ನಡಕ ಒರೆಸುತ್ತ ಒಳಗೆ ಬಂದರು. ಕುಶಲ ವಿಚಾರಿಸಿ, ಗೇರ್ ಬಾಕ್ಸಿಗೆ ಕೈ ತಾಗಿಸಿ, ಸರಕ್ಕನೆ ಹಿಂದಕ್ಕೆಳೆದುಕೊಂಡರು. “ಇದು ಕಡಿಮೆ ಬಿಸಿನಾ?”

ಅಳಿಯ ಅತ್ತೆಯ ಕಡೆ ನೋಡಲಿಲ್ಲ. “ತಪ್ಪು ನಂದು ಮೇಡಂ. ಪರೀಕ್ಷೆ ಸರಿಯಾಗಿ ನಡೆದಿಲ್ಲ” ಎಂದು ಮಾತು ನಿಲ್ಲಿಸಿಬಿಟ್ಟ.

ಗಿರಣಿಯಮ್ಮನಿಗೆ ಒಂದು ಕ್ಷಣ ಹಗುರವೆನಿಸಿತು. ತನ್ನ ತಪ್ಪು ಯಾರಿಗೂ ಗೊತ್ತಾಗದೆ ಮುಗಿದುಹೋಗುತ್ತಿತ್ತು. ಆದರೆ ಬೆಳಿಗ್ಗೆ ತಾನು ಬೇಡಿಕೊಂಡದ್ದು ನೆನಪಾಯಿತು. ಆತನಲ್ಲಿ ಮೋಸವಿರಲಿಲ್ಲ, ಈಗ ಬಾಯಿ ಮುಚ್ಚಿಕೊಂಡರೆ ಮೋಸ ತನ್ನದಾಗುವುದು.

“ತಪ್ಪು ಅವರೊಬ್ಬರದ್ದೇ ಅಲ್ಲಮ್ಮ. ಎಣ್ಣೆಯ ಜೀವವನ್ನೇ ಕಸ ಅಂತ ತೆಗೆದಿಟ್ಟವಳು ನಾನು. ನಂಬಿಕೆ ಬರದಿದ್ರೆ ಆ ಗಾಡಿ ತಳ್ಳಿ ನೋಡಿ” ಎಂದು, ನಡೆದದ್ದೆಲ್ಲವನ್ನೂ ಬಿಡಿಸಿ ಹೇಳಿದಳು.

ಮೇಲಧಿಕಾರಿ ಗಾಡಿಯನ್ನು ಮೂಟೆಗಳ ಸಮೇತ ಬಾಗಿಲ ತನಕ ತಳ್ಳಿಕೊಂಡು ಹೋದರು, ತಿರುಗಿ ಬಂದರು. ಆಮೇಲೆ ಅಳಿಯನಿಗೆ ಹೇಳಿದರು: “ಕೂರಿಸಿದ್ರೆ ಗಸಿ ಕಟ್ಟೋ ಎಣ್ಣೆ ಇನ್ನೂ ಎಣ್ಣೆ ಆಗಿಲ್ಲ. ಮೊದಲು ಅದನ್ನ ಸರಿ ಮಾಡಿ. ಪರೀಕ್ಷೆ ಮತ್ತೆ ಇಲ್ಲೇ ಆಗಲಿ, ಈ ಅಮ್ಮ ಒಪ್ಪಿದ್ರೆ. ಇವರ ಹಾಗೆ ಅಲುಗಾಡಿಸದೆ ಕೂರಿಸೋರು ಎಲ್ಲಾ ಊರಲ್ಲೂ ಇರ್ತಾರೆ.”

“ಕೂರಿಸೋದು ಮಾತ್ರ ನಾನು ಬಿಡಲ್ಲ,” ಎಂದಳು ಗಿರಣಿಯಮ್ಮ.

“ಬಿಡಬೇಡಿ.”

ಕಾರು ಹೋಯಿತು. ಮಗಳು ಮೂಟೆ ಇಳಿಸತೊಡಗಿದಳು. ಗಿರಣಿಯಮ್ಮ ಜರಡಿಗಳ ಹಿಂದೆ ಕೈ ಹಾಕಿ, ಉಳಿದಿದ್ದ ಗಸಿಯ ಡಬ್ಬಿಯನ್ನು ಹೊರತೆಗೆದಳು. ಅಂಚಿಗೆ ಹತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ, ಮುಚ್ಚಳ ಬಿಗಿದು, ಅಳಿಯನ ಎರಡೂ ಕೈಗಳಲ್ಲಿ ಇಟ್ಟಳು.