ಫುಟ್‌ಪಾತಿಗೆ ಅಡ್ಡ

"ಏಯ್ ಮುದ್ಕಿ, ಇದೇನ್ ನಿಮ್ಮಪ್ಪನ ಜಾಗಾನಾ? ಏಳೇ ಮೇಲೆ!"

ಪಾಲಿಕೆಯ ಇನ್‌ಸ್ಪೆಕ್ಟರ್ ಬೂಟುಗಾಲಿನಿಂದ ಹೊಲಿಗೆ ಮೆಷಿನ್ನನ್ನು ಒದ್ದ. ಸೂಜಿಯ ಕೆಳಗೆ ಯಾರದೋ ಪ್ಯಾಂಟಿನ ಜಿಪ್ಪು ಅರ್ಧ ಹೊಲಿಗೆಯಲ್ಲಿತ್ತು. ಮುದುಕಿ ಮೊದಲು ದಾರ ಕತ್ತರಿಸಿ, ಆಮೇಲೆ ತಲೆ ಎತ್ತಿದಳು. ಫುಟ್‌ಪಾತ್ ತೆರವಿಗೆ ಬಂದ ಲಾರಿಯಿಂದ ಇಳಿಯುತ್ತಿದ್ದ ಕೂಲಿಗಳಲ್ಲಿ ಅವಳ ಮಗನೂ ಇದ್ದ.

ಲಾರಿ ಈ ಬೀದಿಗೆ ತಿರುಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೋದ ವಾರ ತನ್ನ ಭಾವಮೈದುನನ ಹಣ್ಣಿನ ಗಾಡಿಯನ್ನು ಸಂದಿಯೊಳಗೆ ಬಚ್ಚಿಟ್ಟ ಕೂಲಿಯೊಬ್ಬನನ್ನು ಇದೇ ಇನ್‌ಸ್ಪೆಕ್ಟರ್ ನಿಂತ ಕಾಲಲ್ಲೇ ಕೆಲಸದಿಂದ ಓಡಿಸಿದ್ದ. ಅದು ಅವ್ವನಿಗೂ ಗೊತ್ತಿತ್ತು. ಗುರುತೇ ಇಲ್ಲದವಳಂತೆ ಅವಳು ಮಗನಿಂದ ಮುಖ ತಿರುಗಿಸಿದಳು.

"ಗೋಡೆಗೆ ಅಂಟ್ಕೊಂಡ್ ಕೂತಿದೀನಿ ಸ್ವಾಮಿ. ಓಡಾಡೋರಿಗೆ ಏನ್ ತೊಂದ್ರೆ ಮಾಡಿದೀನಿ?"

"ಕಂಪ್ಲೇಂಟ್ ಬಂದಿದೆ."

ಕಂಪ್ಲೇಂಟ್ ಕೊಟ್ಟಿದ್ದ ಬಟ್ಟೆ ಅಂಗಡಿ ಸಾಹುಕಾರ ಪಕ್ಕದಲ್ಲೇ ತನ್ನ ಮೆಟ್ಟಿಲ ಮೇಲೆ ನಿಂತಿದ್ದ. ಆ ಮೆಟ್ಟಿಲು ಫುಟ್‌ಪಾತನ್ನು ಪೂರ್ತಿ ನುಂಗಿ, ಚರಂಡಿ ದಾಟಿ, ರಸ್ತೆಗೆ ಕಾಲು ಚಾಚಿತ್ತು. ನಡೆದು ಬಂದವರೆಲ್ಲ ಅಲ್ಲಿ ರಸ್ತೆಗಿಳಿದು ಬಳಸಿ ಹೋಗುತ್ತಿದ್ದರು.

"ಮತ್ತೆ ಅದು?" ಅವ್ವ ಮೆಟ್ಟಿಲಿನತ್ತ ಬೆರಳು ತೋರಿಸಿದಳು.

"ಅದು ಕಟ್ಟಡ ಕಣೇ. ಬಾಯ್ಮುಚ್ಚು," ಎಂದ ಇನ್‌ಸ್ಪೆಕ್ಟರ್, ಸಾಹುಕಾರ ತರಿಸಿಕೊಟ್ಟ ಜ್ಯೂಸು ಹೀರುತ್ತ. ಮಗನತ್ತ ತಿರುಗಿದ. "ಲೇ ಸೂಳೆಮಗನೆ, ಏನ್ ಬಾಯ್ ಬಿಟ್ಕೊಂಡ್ ನಿಂತಿದೀಯ? ಎತ್ತೋ ಮೆಷಿನ್ನ!"

ದಿನವೂ ಕೇಳುವ ಬೈಗುಳವೇ. ಇವತ್ತು ಅವ್ವನ ಎದುರಿಗೆ ಕೇಳಿದ. ಅವ್ವನ ಕೈ ಕತ್ತರಿಯ ಮೇಲೆ ಬಿಗಿಯಿತು. ಆಮೇಲೆ ಅದನ್ನೂ ಮೆಷಿನ್ನಿನ ಮೇಲಿಟ್ಟಳು.

ಅವನು ಮೆಷಿನ್ನಿನ ಒಂದು ಬದಿ ಹಿಡಿದ, ಜೊತೆಗಾರ ಇನ್ನೊಂದು ಬದಿ. ಚಿಕ್ಕಂದಿನಲ್ಲಿ ಅವನು ಅದರ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದ.

"ಮೆಲ್ಲಗಪ್ಪ, ಕಾಲ್ಮೇಲೆ ಬಿದ್ದೀತು," ಎಂದಳು ಅವ್ವ, ಯಾರೋ ದಾರಿಹೋಕನಿಗೆ ಹೇಳಿದಂತೆ.

ಮೆಷಿನ್ನು ಲಾರಿಯಲ್ಲಿ ಮುರಿದ ಗಾಡಿಗಳ ಮೇಲೆ ದಢಾರನೆ ಬಿತ್ತು. ಹಿಂದೆಯೇ ಸ್ಟೂಲು. ಅಷ್ಟರಲ್ಲಿ ಅವ್ವ ಖಾಲಿಯಾದ ಜಾಗದಲ್ಲಿ ಕಾಲು ನೀಡಿ ಕೂತುಬಿಟ್ಟಳು.

"ನನ್ನೂ ಎತ್ತಾಕ್ರಪ್ಪ. ನಾನೂ ಅಡ್ಡಾನೇ ಅಲ್ವಾ?"

ಸಾಹುಕಾರ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. "ಎತ್ರೋ ಅವಳ್ನ!"

ಜೊತೆಗಾರನಿಗೆ ಎಲ್ಲ ಗೊತ್ತಿತ್ತು. ಅವನು ನೆಲ ನೋಡುತ್ತ ಹಿಂದೆ ಸರಿದ. ಮಗ ಬಾಗಿ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ, "ಏಳವ್ವ, ನಿನ್ ದಮ್ಮಯ್ಯ."

"ನಾನಾಗೇ ಏಳಲ್ಲ ಕಣೋ. ನೀನ್ ಎತ್ತು. ಎತ್ತದಿದ್ರೆ ನಾಳೆ ನಿನ್ ಮಗೂಗೆ ಹಾಲ್ ಎಲ್ಲಿಂದ ತರ್ತೀಯ?" ಅವಳೂ ಪಿಸುಗುಟ್ಟಿದಳು.

ಅವನು ಬೆನ್ನಿಗೊಂದು, ಮೊಣಕಾಲಡಿಗೊಂದು ಕೈ ಕೊಟ್ಟು ಅವಳನ್ನು ಎತ್ತಿದ. ಅವಳು ಮೆಷಿನ್ನಿನ ಅರ್ಧ ಭಾರವೂ ಇಲ್ಲವೆನ್ನಿಸಿತು. ಫುಟ್‌ಪಾತಿನ ಮೇಲೆ ಇಳಿಸುವಂತಿಲ್ಲ. ರಸ್ತೆಯಲ್ಲಿ ಬಸ್ಸುಗಳು ಮೈಗೆ ತಾಗುವಂತೆ ಹೋಗುತ್ತಿದ್ದವು. ಮೆಟ್ಟಿಲ ಮೇಲೆ ಸಾಹುಕಾರನ ಕಾವಲುಗಾರ ಕೋಲು ಹಿಡಿದು ನಿಂತಿದ್ದ.

"ಎಲ್ಲಿ ಇಳಿಸ್ಲಿ ಸಾರ್?"

ಇನ್‌ಸ್ಪೆಕ್ಟರ್ ಆಗಲೇ ಮುಂದಿನ ಗಾಡಿಯವನನ್ನು ಬೈಯುತ್ತಿದ್ದ. ಮಗ ಅವ್ವನನ್ನು ಎತ್ತಿಕೊಂಡೇ ನಿಂತಿದ್ದ.