ಬುಧವಾರದ ಎಡೆ

ರೂಪಶ್ರೀ ಹೊಳೆನರಸೀಪುರದಿಂದ ಬರುವಾಗ ಒಂದು ಹಳೆಯ ಬೆಡ್‌ಶೀಟ್ ತಂದಿದ್ದಳು. ಅದನ್ನು ಸೋಫಾದ ನಟ್ಟನಡುವೆ, ಬೇರೆ ಯಾರೂ ಕೂರಲಾಗದಂತೆ ಇಟ್ಟು, ಯಾರೂ ಕೇಳದಿದ್ದರೂ ಫೋಟೊ ಸುತ್ತಿಕೊಳ್ಳುವುದಕ್ಕೆ ಎಂದಳು.

ಫೋಟೊಗಳು ಎರಡು. ಹಾಸನದ ವಿದ್ಯಾನಗರದ ಆ ಮನೆಯ ಹಾಲಿನ ಗೋಡೆಯಲ್ಲಿ ಒಂದರ ಪಕ್ಕ ಒಂದಿದ್ದವು. ಎಡಗಡೆ ರೂಪಶ್ರೀಯ ತಂದೆ ತಿಮ್ಮಪ್ಪ, ತೀರಿಕೊಂಡು ಎಂಟು ವರ್ಷ. ಬಲಗಡೆ ಅವಳ ತಮ್ಮ ಹರ್ಷವರ್ಧನ್, ತೀರಿಕೊಂಡು ಹದಿನಾಲ್ಕು ತಿಂಗಳು. ಅಪ್ಪ ಫೋಟೊ ತೆಗೆಯುವವನ ಮೇಲೆ ಸಿಟ್ಟಾದಂತೆಯೂ, ಮಗ ಅವನನ್ನು ಸಮಾಧಾನ ಮಾಡುತ್ತಿರುವಂತೆಯೂ ಕಾಣುತ್ತಿದ್ದರು. ಹರ್ಷವರ್ಧನನ ಹೆಂಡತಿ ಪ್ರೇಕ್ಷಾ ಆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕಾವಲು ನಿಂತ ಹಾಗೆ ಕಾಣಬಾರದೆಂದು ಕೈಯಲ್ಲಿ ಧೂಳು ಒರೆಸುವ ಬಟ್ಟೆ ಹಿಡಿದಿದ್ದಳು.

ಅಂದು ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಕ್ಕುವ ದಿನ. ಸತ್ತವರು ಬದುಕಿದ್ದಾಗ ಬಾಯಿ ಚಪ್ಪರಿಸಿದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಬಂದು ಅದೇ ಎಡೆಯನ್ನು ಮನೆಯವರು ಉಣ್ಣುತ್ತಾರೆ. ಹೋದ ಸಲ ಹರ್ಷನಿಗೆ ವರ್ಷ ತುಂಬಿರಲಿಲ್ಲವಾಗಿ ಅವನಿನ್ನೂ ಹಿರಿಯರ ಪಂಕ್ತಿಗೆ ಸೇರಿರಲಿಲ್ಲ. ಇದು ಅವನ ಮೊದಲ ಊಟ. ರೂಪಶ್ರೀಯ ಲೆಕ್ಕದಲ್ಲಿ ಈ ಮನೆಯ ಕೊನೆಯ ಊಟವೂ ಅದೇ. ಈ ಸಲ ಇಲ್ಲೇ ಧೂಪ ಹಾಕಿ, ಬರುವ ವರ್ಷದಿಂದ ಹೊಳೆನರಸೀಪುರಕ್ಕೆ ಬನ್ನಿ ಎಂದು ಇಬ್ಬರಿಗೂ ತಿಳಿಸಿ, ಫೋಟೊ ಕಾರಿಗೆ ಹಾಕಿಕೊಂಡು ಹೋಗುವುದು. ವಿಳಾಸ ಬದಲಾದದ್ದು ಸತ್ತವರಿಗೆ ತಾನಾಗಿ ಗೊತ್ತಾಗುವುದಿಲ್ಲ ಎಂಬುದು ಪ್ರೇಕ್ಷಾಳ ಅತ್ತೆ ಚಿಕ್ಕಲಕ್ಷ್ಮಮ್ಮನ ಅಭಿಪ್ರಾಯ. ಮಗ ಹೋದ ಮೇಲೆ ಅವಳೂ ಮಗಳ ಮನೆ ಸೇರಿದ್ದಳು. ಅವಳ ವಿಳಾಸ ಎಲ್ಲರಿಗೂ ತಿಳಿದಿತ್ತು.

“ಬಾಡು ತಿನ್ನದೋಳ ಮನೇಲಿ ನಮ್ಮಪ್ಪ, ನನ್ ತಮ್ಮ ಏನ್ ಉಂಡ್ಕಂಡು ಓಯ್ತಾರೆ? ಮೊಸರನ್ನವಾ?” ಎಂದಳು ರೂಪಶ್ರೀ.

ಪ್ರಶ್ನೆ ನ್ಯಾಯವಾದದ್ದೇ. ಪ್ರೇಕ್ಷಾ ಹುಟ್ಟಿದ್ದು ದಂಡಿಗನಹಳ್ಳಿಯ ಲಿಂಗವಂತರ ಮನೆಯಲ್ಲಿ. ಅವಳ ತಾಯಿ ನೀಲಗಂಗಮ್ಮ, ಬೀದಿಯಲ್ಲಿ ಮೀನಿನವನ ಸೈಕಲ್ ಹೋದರೆ ಅಂಗಳಕ್ಕೆ ಎರಡನೆಯ ಸಲ ನೀರು ಹಾಕುತ್ತಿದ್ದವಳು. ಪ್ರೇಕ್ಷಾ ಒಕ್ಕಲಿಗರ ಹುಡುಗನನ್ನು ಮೆಚ್ಚಿ ಮದುವೆಯಾದಳೇ ಹೊರತು ಅವನ ತಟ್ಟೆಯನ್ನಲ್ಲ. ಪ್ರತಿ ವರ್ಷ ಎಡೆಯ ದಿನ ಅತ್ತೆ ಕೋಳಿಸಾರು ಮಾಡುವಳು, ಸೊಸೆ ಅಡುಗೆಮನೆಯ ಕಟ್ಟೆಗೊರಗಿ ಮೊಸರನ್ನ ತಿನ್ನುವಳು. ಎಡೆ ಉಣ್ಣದವಳು ಎಡೆ ಇಕ್ಕುವುದೆಂದರೇನು ಎಂದು ರೂಪಶ್ರೀ ಏಳೆಂಟು ವರ್ಷದಿಂದ ಕೇಳುತ್ತಲೇ ಇದ್ದಳು. ತಮ್ಮ ಇರುವವರೆಗೆ ಆ ಮಾತು ಜೋಕಿನ ಹಾಗಿತ್ತು.

ಆದರೆ ಪ್ರೇಕ್ಷಾ ಮೀನು ಮಾಡುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಹರ್ಷನ ರಕ್ತದಲ್ಲಿ ಕೊಬ್ಬು ಹೆಚ್ಚೆಂದು ತಿಳಿದು, ಡಾಕ್ಟರು ಸಾಲ್ಮನ್ ಎಂಬ ಮೀನು ಹೃದಯಕ್ಕೆ ಒಳ್ಳೆಯದೆಂದರು. ಬಿ.ಎಂ. ರಸ್ತೆಯ ಫ್ರೋಜನ್ ಅಂಗಡಿಯವನು ತರಿಸಿಕೊಟ್ಟ. ಅವಳು ನೋಡಿದಳು: ತಲೆಯಿಲ್ಲ, ಕಣ್ಣಿಲ್ಲ, ಮುಳ್ಳಿಲ್ಲ, ಮೀನೆಂದು ಯಾರಾದರೂ ಹೇಳಿದರೆ ಮಾತ್ರ ಮೀನು. ಇದಾದರೆ ಮಾಡಬಲ್ಲೆ ಎಂದಳು. ವಾರದಲ್ಲಿ ಒಂದು ದಿನ. ಸೋಮವಾರ ಶನಿವಾರ ಹರ್ಷನ ಮನೆಯವರಿಗೇ ಆಗದು, ಗುರುವಾರ ಶುಕ್ರವಾರ ಅವಳಿಗಾಗದು, ಮಂಗಳವಾರ ಅವನು ಬರುವುದು ತಡ, ಭಾನುವಾರ ಅವನು ಅಕ್ಕನ ಮನೆಗೆ ಕೋಳಿ ತಿನ್ನಲು ಹೋಗುವ ದಿನ. ಬುಧವಾರ ಉಳಿಯಿತು.

ಬುಧವಾರ ಐದೂವರೆಗೆ ಕಾಲೇಜಿನಿಂದ ಬಂದವಳೇ ಹಿಂಬದಿಯ ಯುಟಿಲಿಟಿಯಲ್ಲಿ ಬೇರೆಯೇ ಒಲೆ, ಬೇರೆಯೇ ಬಾಂಡ್ಲಿ ಇಟ್ಟುಕೊಂಡು ಇಪ್ಪತ್ತೈದು ನಿಮಿಷದಲ್ಲಿ ಮುಗಿಸುತ್ತಿದ್ದಳು. ಮೀನಿನ ತುಂಡುಗಳಿಗೆ ಸೋಯಾ ಸಾಸ್, ಕೆಂಪು ಮೆಣಸಿನ ಸಾಸ್, ಬೆಳ್ಳುಳ್ಳಿ, ಚೂರು ಬೆಲ್ಲ, ಉಪ್ಪು; ಬಿಸಿ ಎಣ್ಣೆಯಲ್ಲಿ ಏಳು ನಿಮಿಷ; ಬಟ್ಟಲಲ್ಲಿ ಬಿಸಿ ಅನ್ನ, ಮೇಲೆ ಮೀನು, ಪಕ್ಕದಲ್ಲಿ ಸೌತೆಕಾಯಿ. ಅವಳು ಕೆಮಿಸ್ಟ್ರಿ ಉಪನ್ಯಾಸಕಿ. ನಾಲಗೆಗೆ ತಾಗಿಸದೆ, ಫೋನಿನಲ್ಲಿ ನೋಡಿ ಬರೆದಿಟ್ಟುಕೊಂಡ ಅಳತೆಯಲ್ಲೇ ಎಲ್ಲ. ಹರ್ಷ ಒಂದಗುಳು ಬಿಡದೆ ಉಂಡು, ಬುಧವಾರ ಮಾತ್ರ ಊಟದ ಜೊತೆ ಒಂದು ಚೊಂಬು ನೀರು ಕುಡಿಯುತ್ತಿದ್ದ. ಖಾರಕ್ಕೆ ಎಂದುಕೊಂಡಿದ್ದಳು. ಹೀಗೆ ಮೂರು ವರ್ಷ. ಅವನ ಹೃದಯ ಕೊನೆಯವರೆಗೂ ಚೆನ್ನಾಗಿಯೇ ಇತ್ತು. ಶಾಂತಿಗ್ರಾಮದ ಹತ್ತಿರ ಎದುರಿಗೆ ಬಂದ ಲಾರಿಗೆ ಅದು ಗೊತ್ತಿರಲಿಲ್ಲ.

ಈ ಸಲದ ಅಮಾವಾಸ್ಯೆ ಬುಧವಾರವೇ ಬಿದ್ದಿತ್ತು. ಹತ್ತು ದಿನದ ಹಿಂದೆಯೇ ಅವಳು ಒಂದು ಪೊಟ್ಟಣ ತಂದು ಫ್ರೀಜರಿನಲ್ಲಿಟ್ಟಿದ್ದಳು. ಅದನ್ನು ಹೇಳಿದಾಗ ರೂಪಶ್ರೀ ನಕ್ಕು, ಡಬ್ಬಿ ಮೀನು ತಿನ್ನಿಸಿ ಬದುಕಿದ್ದವನ ಬಾಯಿ ಕೆಡಿಸಿದ್ದು ಸಾಲದೆ ಸತ್ತವನಿಗೂ ಬಿಡಲೊಲ್ಲಳು ಎಂದು ತಾಯಿಗೆ ವರದಿ ಮಾಡಿದಳು. ತಾಯಿ ಎರಡು ಅಡಿ ದೂರದಲ್ಲೇ ಕೂತಿದ್ದಳು.

ರೂಪಶ್ರೀಯ ಎಡವಟ್ಟು ಬಯಲಾದದ್ದು ಮಧ್ಯಾಹ್ನ. ಹೊಳೆನರಸೀಪುರದ ಕೋಳಿ ಅಂಗಡಿಯವನಿಗೆ ವಾರದ ಹಿಂದೆಯೇ ಎರಡು ನಾಟಿಕೋಳಿ ಹೇಳಿದ್ದಳು. ಬುಧವಾರ ಹಾಸನಕ್ಕೇ ಕಳಿಸುವೆನೆಂದು ಅವನೂ ಒಪ್ಪಿದ್ದ. ಆ ಬುಧವಾರ ಅಕ್ಟೋಬರ್ ಎರಡು ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಗಾಂಧಿ ಜಯಂತಿ, ಮಾಂಸದಂಗಡಿಯ ಶಟರು ಏಳುವಂತಿಲ್ಲ. ಅವಳ ಗಂಡ ಸುದರ್ಶನ್ ಮಾತು ಕಡಿಮೆಯ, ಕಾರು ಓಡಿಸುವುದರಲ್ಲಿ ನೆಮ್ಮದಿ ಕಾಣುವ ಮನುಷ್ಯ. ಅವನನ್ನು ಹಳ್ಳಿಗಳ ಕಡೆ ಅಟ್ಟಿದಳು. ಐದೂಕಾಲಿಗೆ ಅವನು ಎರಡು ಡಜನ್ ಮೊಟ್ಟೆ ಹಿಡಿದು ವಾಪಸು ಬಂದ. ಮೊಸಳೆ ಎಂಬ ಊರಲ್ಲಿ ಒಬ್ಬನ ಜಗಲಿ ಮುಂದೆ ಹುಂಜ ಕಂಡು ಕೇಳಿದ್ದನಂತೆ. ‘ನಮ್ಮಪ್ಪನೂ ಸತ್ತವ್ನೆ ಸಾ’ ಅಂದನಂತೆ ಅವನು. ಅರಕಲಗೂಡು ರಸ್ತೆಯಲ್ಲೂ ಅದೇ ಉತ್ತರ. ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ಮೀನಾದರೂ ಸಿಕ್ಕೀತೆಂದು ಹೋದರೆ, ಮುರುಕು ಚರ್ಚಿನ ಮುಂದೆ ಸೆಲ್ಫಿ ತೆಗೆಯುವವರಿದ್ದರು, ಬಲೆ ಹಾಕುವವರಿರಲಿಲ್ಲ. ಅವರ ಮನೆಯಲ್ಲೂ ಅಂದು ಹಿರಿಯರ ಎಡೆ.

ಬರೀ ಮೊಟ್ಟೆ ಇಟ್ಟು ತಿಮ್ಮಪ್ಪನನ್ನು ಕರೆಯುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. ದೀಪ ಹಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ರೂಪಶ್ರೀ ಫ್ರೀಜರಿನ ಕಡೆ ನೋಡದೆ, ಆ ಮೀನು ಕೊಟ್ಟರೆ ಹುಣಸೆಹುಳಿ ಹಾಕಿ ತಾನೇ ಒಂದು ಸಾರು ಮಾಡುವುದಾಗಿ ಹೇಳಿದಳು.

“ಮೀನು ನಂದು ರೂಪಕ್ಕ,” ಎಂದಳು ಪ್ರೇಕ್ಷಾ. “ಮಾಡೋದೂ ನಾನೇ, ಇಡೋದೂ ನಾನೇ. ಫೋಟೊ ಈ ಗೋಡೆ ಬಿಟ್ಟು ಹೋಗಲ್ಲ. ಬೇಡ ಅಂದ್ರೆ ಮೊಟ್ಟೆ ಬೇಯಿಸಿ, ನೀರು ಇಟ್ಟಿದೀನಿ.”

“ನೋಡವ್ವ, ವ್ಯಾಪಾರಕ್ಕೆ ನಿಂತವ್ಳೆ. ಅದೂ ಸತ್ತೋನ ಮುಂದೆ.”

ಚಿಕ್ಕಲಕ್ಷ್ಮಮ್ಮ ಎಲೆಅಡಿಕೆ ಮೆಲ್ಲುತ್ತ ಇಬ್ಬರನ್ನೂ ನೋಡಿದಳು. ಅವಳಿಗೆ ಸೊಸೆಯ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದರೆ ಪದ್ಧತಿಯ ವಿಷಯದಲ್ಲಿ ಅವಳು ಮಗಳಿಗೂ ಸೋಲುವವಳಲ್ಲ.

“ಇಕ್ಕಿದೋರು ಉಣ್ಬೇಕು ಕಣವ್ವ,” ಎಂದಳು ಸೊಸೆಗೆ. “ನೀನು ಉಂಡ್ರೆ ಪಟ ಇಲ್ಲೇ ಇರ್ಲಿ. ಉಣ್ನಿಲ್ಲ ಅಂದ್ರೆ ಬೆಡ್‌ಶೀಟು ಅಲ್ಲೇ ಅದೆ.”

ರೂಪಶ್ರೀಯ ಮುಖ ಬೆಳಗಿತು. ಈರುಳ್ಳಿ ದೋಸೆ ಹುಯ್ದ ಕಾವಲಿಯಲ್ಲಿ ಆಮ್ಲೆಟ್ ಹಾಕಿದ್ದರೆಂದು ಹೋಟೆಲಿನಿಂದ ಎದ್ದುಹೋದ ಹೆಂಗಸು ಪ್ರೇಕ್ಷಾ. ಗೆದ್ದೆನೆಂದೇ ರೂಪಶ್ರೀಗೆ ಅನಿಸಿತು.

ಅಡುಗೆಯುದ್ದಕ್ಕೂ ರೂಪಶ್ರೀ ಯುಟಿಲಿಟಿಯ ಬಾಗಿಲಲ್ಲಿ, ಪ್ರಾಕ್ಟಿಕಲ್ಸಿಗೆ ಬಂದ ಹೊರಗಿನ ಪರೀಕ್ಷಕಿಯ ಹಾಗೆ ನಿಂತಿದ್ದಳು. ಅನ್ನದ ಮೇಲೆ ಹಸಿ ಸೌತೆಕಾಯಿ ಹಾಕುವುದು ಯಾವ ಸೀಮೆಯ ಅಡುಗೆ ಎಂದಳು. ಅಪ್ಪನಿಗೆ ಸತ್ತ ಮೇಲೆ ಚೀನಾದವರ ಸಾಸು ನೆಕ್ಕುವ ಯೋಗ ಎಂದಳು. ಪ್ರೇಕ್ಷಾ ಚಮಚ ಎಣಿಸುತ್ತಿದ್ದಳು. ಸೋಯಾ ಮೂರು, ಮೆಣಸಿನ ಸಾಸು ಎರಡು, ಉಪ್ಪು ಒಂದು, ಮಟ್ಟಸವಾಗಿ. ಮಾತಿಗೆ ಉತ್ತರ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಮೀನು ಚುರ್ರೆಂದಾಗ ಅಭ್ಯಾಸದಂತೆ ಉಸಿರು ಹಿಡಿದಳು, ಏಳು ನಿಮಿಷದಲ್ಲಿ ಎಂಟು ಸಲ ಹೊರಗೆ ತಲೆ ಹಾಕಿ ಉಸಿರು ಬಿಟ್ಟಳು. ರೂಪಶ್ರೀ ಅದನ್ನು ಗಟ್ಟಿಯಾಗಿ ಎಣಿಸಿದಳು.

ಎಲೆ ಹಾಕಿದರು. ಹೊಸ ಪಂಚೆ, ಶರಟು, ವಡೆ, ಕಜ್ಜಾಯ, ಬೇಯಿಸಿದ ಮೊಟ್ಟೆ, ತಿಮ್ಮಪ್ಪನಿಗೆಂದು ಒಂದು ಕಟ್ಟು ಬೀಡಿ, ಹಿಂದಿನ ದಿನವೇ ತಂದಿಟ್ಟ ಒಂದು ಕ್ವಾರ್ಟರ್ ಬ್ರಾಂದಿ. ನಡುವೆ ಎರಡು ಬಟ್ಟಲು. ಮುದ್ದೆಯಿಲ್ಲದೆ ಆ ಮನುಷ್ಯ ಕೈ ತೊಳೆಯುವವನೇ ಅಲ್ಲವೆಂದು ಚಿಕ್ಕಲಕ್ಷ್ಮಮ್ಮ ಮಗಳಿಂದ ಒಂದು ಮುದ್ದೆ ಕಟ್ಟಿಸಿ ಅವನ ಬಟ್ಟಲ ಪಕ್ಕ ಇಡಿಸಿದಳು. ರೂಪಶ್ರೀ ತಮ್ಮನ ಎಲೆಯ ಮುಂದೆ ಒಂದು ಲೋಟ ನೀರಿಟ್ಟಳು. ಪ್ರೇಕ್ಷಾ ಅದನ್ನು ತೆಗೆದು ಚೊಂಬು ಇಟ್ಟಳು, ಅವರಿಗೆ ಲೋಟ ಸಾಲುವುದಿಲ್ಲ ಎಂದಳು. ಚಿಕ್ಕಲಕ್ಷ್ಮಮ್ಮ ಚೊಂಬನ್ನೂ ಸೊಸೆಯನ್ನೂ ಒಮ್ಮೆ ನೋಡಿ, ಏನೋ ಹೇಳಹೊರಟು, ಧೂಪಕ್ಕೆ ಕೈ ಹಾಕಿದಳು. ಗಂಡನನ್ನೂ ಮಗನನ್ನೂ ಹೆಸರು ಹಿಡಿದು ಕರೆದು ಬಂದು ಉಣ್ಣಿರೆಂದಳು. ವಿಳಾಸದ ವಿಷಯ ಆಮೇಲೆ ತಿಳಿಸುವುದಾಗಿ ಹೇಳಿದಳು.

ಬಾಗಿಲು ಮುಚ್ಚಿ ನಾಲ್ವರೂ ಮೆಟ್ಟಿಲ ಮೇಲೆ ನಿಂತರು. ಬೀದಿಯ ಎಲ್ಲ ಮನೆಗಳ ಮುಂದೆಯೂ ಹೀಗೇ ಜನ ನಿಂತಿದ್ದರು, ಒಳಗಿನವರಿಗೆ ಮುಜುಗರವಾಗದಂತೆ ಮೆಲ್ಲಗೆ ಮಾತಾಡುತ್ತ. ರೂಪಶ್ರೀ ಪಕ್ಕಕ್ಕೆ ಬಂದು, ಬಾಯಿಗಿಟ್ಟು ಉಗುಳಿದರೆ ಲೆಕ್ಕಕ್ಕಿಲ್ಲ ಎಂದು ಕಿವಿಯಲ್ಲಿ ಹೇಳಿದಳು. ಪ್ರೇಕ್ಷಾಳಿಗೆ ಅಂಗಳಕ್ಕೆ ನೀರು ಹಾಕುವ ಅಮ್ಮನ ಬೆನ್ನು ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ಸೋಫಾದ ಮೇಲಿನ ಬೆಡ್‌ಶೀಟಿನ ನೀಲಿ ಹೂವುಗಳು.

ಚಿಕ್ಕಲಕ್ಷ್ಮಮ್ಮ ಕೆಮ್ಮಿದಳು, ಮೂರು ಸಲ ಬಾಗಿಲು ತಟ್ಟಿದಳು.

ಒಳಗೆ ಎಲ್ಲವೂ ಇಟ್ಟಂತೆಯೇ ಇತ್ತು. ಪ್ರೇಕ್ಷಾ ಹರ್ಷನ ಎಲೆಯ ಮುಂದೆ ಕೂತು ಬಟ್ಟಲು ತೊಡೆಯ ಮೇಲಿಟ್ಟುಕೊಂಡಳು. ಮೂವರೂ ನೋಡುತ್ತಿದ್ದರು, ಗೋಡೆಯವರನ್ನು ಸೇರಿಸಿದರೆ ಐವರು. ಒಂದು ತುಂಡನ್ನು ಅನ್ನದಲ್ಲಿ ಕಲಸಿ ಬಾಯಿಗಿಟ್ಟಳು, ಅಗಿದಳು. ಮೀನಿನ ರುಚಿಗೆ ಹೆದರಿ ಹುಟ್ಟಿದಾರಭ್ಯ ಸಿದ್ಧಳಾಗಿದ್ದಳು. ಆ ರುಚಿ ಸಿಗಲೇ ಇಲ್ಲ. ಸಿಕ್ಕಿದ್ದು ಉಪ್ಪು, ಕಣ್ಣಲ್ಲಿ ನೀರು ಬರಿಸುವಂಥ ಉಪ್ಪು. ಸೋಯಾದಲ್ಲಿ ಉಪ್ಪು, ಸಾಸಿನಲ್ಲಿ ಉಪ್ಪು, ಅದರ ಮೇಲೆ ಒಂದು ಚಮಚ ಉಪ್ಪು. ವರ್ಷಕ್ಕೆ ಇನ್ನೂರು ಮಕ್ಕಳಿಗೆ ದ್ರಾವಣದ ಲೆಕ್ಕ ಹೇಳಿಕೊಡುವವಳು ಈ ಮೂರನ್ನು ಒಂದು ಸಲವೂ ಕೂಡಿಸಿ ನೋಡಿರಲಿಲ್ಲ. ಕೈ ತಾನಾಗಿ ಚೊಂಬಿಗೆ ಹೋಯಿತು.

“ಉಪ್ಪು,” ಎಂದಳು.

“ಊಂ,” ಎಂದಳು ಚಿಕ್ಕಲಕ್ಷ್ಮಮ್ಮ. “ಬುದ್ವಾರ ಬುದ್ವಾರ ಹಿತ್ಲಿಗೆ ಬಂದು ಯೋಳೋನು. ಅವ್ಳು ಮೂಗು ಮುಚ್ಕಂಡು ಮಾಡ್ತಾಳೆ ಕಣವ್ವ, ಇನ್ನು ಉಪ್ಪು ಬ್ಯಾರೆ ಎತ್ತಾಡ್ಲಾ, ಅನ್ನೋನು.”

“ಮೂರು ವರ್ಷ ನೀವ್ಯಾಕೆ ಹೇಳ್ಲಿಲ್ಲ ಅತ್ತೆ?”

“ನಾನ್ಯಾಕೆ ಯೋಳ್ಲಿ? ಕಟ್ಕಂಡೋನು ಅವ್ನು. ಉಣ್ಲಿ ಅಂತ ಸುಮ್ಕಿದ್ದೆ.”

ಪ್ರೇಕ್ಷಾ ಫೋಟೊದ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, ತುತ್ತಿಗೊಂದು ಗುಟುಕು ನೀರಿನಂತೆ, ಬಟ್ಟಲಿನ ತಳ ಕಾಣುವವರೆಗೂ ಉಂಡಳು. ಕಣ್ಣಲ್ಲಿ ಬಂದ ನೀರಿಗೆ ಮೆಣಸಿನ ಸಾಸು ಜವಾಬ್ದಾರಿ ಎಂದು ಯಾರು ಬೇಕಾದರೂ ತಿಳಿಯಬಹುದಿತ್ತು. ಪದ್ಧತಿಯಂತೆ ರೂಪಶ್ರೀಯೂ ಅಪ್ಪನ ಬಟ್ಟಲಿನಿಂದ ಒಂದು ತುತ್ತು ತೆಗೆದುಕೊಂಡಳು. ಮುಖ ಹಿಂಡಿ ಚೊಂಬಿಗೆ ಕೈ ಚಾಚಿದಳು. ಪ್ರೇಕ್ಷಾ ಚೊಂಬನ್ನು ತನ್ನ ಕಡೆಗೆ ಎಳೆದುಕೊಂಡು, ನಲ್ಲಿ ಅಡುಗೆಮನೆಯಲ್ಲಿದೆ ಎಂದಳು. ಸುದರ್ಶನ್ ನಾಲ್ಕು ಮೊಟ್ಟೆ ತಿಂದು ಕಾರಿನ ಕೀ ಹುಡುಕತೊಡಗಿದ.

ಹೊರಡುವಾಗ ರೂಪಶ್ರೀ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: “ಬರೋ ವರ್ಷ ಕೋಳಿ ನಾನೇ ತತ್ತೀನಿ. ಈ ಉಪ್ಪಿನಕಾಯಿ ನಮ್ಮಪ್ಪಂಗೆ ಇಕ್ಕಕ್ಕೆ ಬಿಡಾಕಿಲ್ಲ.”

“ತನ್ನಿ,” ಎಂದಳು ಪ್ರೇಕ್ಷಾ. “ಕ್ಯಾಲೆಂಡರ್ ನೋಡ್ಕೊಂಡು ತನ್ನಿ.”

ಕಾರು ಸ್ಟಾರ್ಟಾದ ಮೇಲೆ ಬೆಡ್‌ಶೀಟ್ ಸೋಫಾದ ಮೇಲೇ ಉಳಿದಿರುವುದು ಕಂಡಿತು. ಪ್ರೇಕ್ಷಾ ಅದನ್ನೆತ್ತಿಕೊಂಡು ಬರಿಗಾಲಲ್ಲೇ ಗೇಟಿಗೆ ಓಡಿ, ಹೊರಟ ಕಾರಿನ ಕಿಟಕಿಯೊಳಗೆ ರೂಪಶ್ರೀಯ ಮಡಿಲಿಗೆ ತುರುಕಿ ಬಂದಳು. ಬಾಗಿಲು ಹಾಕಿ, ಅಡುಗೆಮನೆಗೆ ಹೋಗಿ, ನಿಂತಲ್ಲೇ ಇನ್ನೊಂದು ಚೊಂಬು ನೀರು ಕುಡಿದಳು.