ಗಯಾಸುದ್ದೀನ್ ಹೇಳದೆ ಉಳಿಸಿಕೊಂಡದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರೆಲ್ಲ ಹೇಳುತ್ತಾರೆ. ಹೇಳಲಿ. ಮೂವತ್ತು ವರ್ಷ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಬೆಂಕಿ ಕಾದವನಿಗೆ ತಣ್ಣಗಿನ ಮಾತು ಎಲ್ಲಿಂದ ಬರಬೇಕು? ನನಗಿರುವ ಶೋಕಿ ಒಂದೇ, ದೋಣಿ. ಕೊಡಗಿನ ತೋಟದ ಮಾಲೀಕರೊಬ್ಬರಿಂದ ಕೊಂಡ ಹಳೇ ಫೈಬರ್ ದೋಣಿ, ಅದರ ಹಿಂಬದಿಗೆ ಕೂರಿಸುವ ಪೆಟ್ರೋಲ್ ಇಂಜಿನ್. ಕಬಿನಿಯ ಹಿನ್ನೀರು ನಮ್ಮ ಹೊಲದಂಚಿಗೇ ಬರುತ್ತದೆ. ಬೇರೆಯವರು ಕಾರು ಕೊಂಡರು, ನಾನು ದೋಣಿ ಕೊಂಡೆ, ಅಷ್ಟೇ.

ಇಂಜಿನ್ನಿನ ಕಾಯಿಲೆಗೆಲ್ಲ ಹುಣಸೂರಿನ ಗಯಾಸುದ್ದೀನನೇ ವೈದ್ಯ. ಪಂಪ್‌ಸೆಟ್ಟು, ಮೊಪೆಡ್ಡು ರಿಪೇರಿ ಮಾಡುವವನು. ತೊಂಬತ್ತೆಂಟರ ಆಯುಧಪೂಜೆಗೆ ಎರಡು ದಿನ ಮುಂಚೆ ಬಂದು ಪ್ಲಗ್ ಬದಲಿಸಿ, ಕಾರ್ಬುರೇಟರ್ ತೊಳೆದು ಹೋಗಿದ್ದ. ಪೂಜೆಯನ್ನು ಅರೆಬರೆ ಮಾಡುವ ಮನುಷ್ಯ ನಾನಲ್ಲ. ಇಂಜಿನ್ನು, ಪೆಟ್ರೋಲ್ ಟ್ಯಾಂಕು, ಹುಟ್ಟು, ಒಂದನ್ನೂ ಬಿಡದೆ ಗಂಧ ಕಲಸಿದ ವಿಭೂತಿಯನ್ನು ದಪ್ಪಗೆ ಬಳಿದು, ಕುಂಕುಮ ಇಟ್ಟು, ಚೆಂಡುಹೂ ಮುಡಿಸಿದೆ.

ಮಗಳು ಸುಧಾ ಹೆರಿಗೆಗೆಂದು ಮನೆಗೆ ಬಂದಿದ್ದಳು, ಏಳು ತಿಂಗಳು. ವಿಜಯದಶಮಿಯ ದಿನ ಅವಳಿಗೆ ದೋಣಿಯಲ್ಲಿ ಒಂದು ಸುತ್ತು ಹೋಗುವ ಆಸೆ ಹುಟ್ಟಿತು. ಬಸುರಿಯ ಬಯಕೆಗೆ ಇಲ್ಲ ಎನ್ನುವವರು ಯಾರು? ಹೆಂಡತಿ ಪ್ರಮೀಳಾ ಮಾತ್ರ, "ಅರ್ಧ ಗಂಟೇಲಿ ವಾಪಸ್ ಬಂದ್ಬುಡಿ" ಎಂದು ಮೊಸರನ್ನದ ಡಬ್ಬಿ ಇಟ್ಟುಕೊಂಡು ದಡದಲ್ಲೇ ಕೂತಳು. ಇಂಜಿನ್ ಹೇಗೆ ಓಡುತ್ತದೆಂದು ನೋಡಲು ಗಯಾಸುದ್ದೀನನನ್ನೂ ಕರೆಸಿದ್ದೆ. ಅವನೂ ಹತ್ತಿದ.

ಹತ್ತು ನಿಮಿಷ ಇಂಜಿನ್ ಚೆನ್ನಾಗಿಯೇ ಓಡಿತು. ಆಮೇಲೆ ಎರಡು ಸಲ ಮುಗ್ಗರಿಸಿ ನಿಂತುಹೋಯಿತು.

ಅಷ್ಟು ಹೊತ್ತಿಗೆ ಪಡುವಣ ಗಾಳಿ ಎದ್ದಿತ್ತು. ಹಿನ್ನೀರಿನಲ್ಲಿ ಹಿಂದೆ ಮುಳುಗಿದ ಕಾಡಿನ ಮರಗಳು ಒಣಗಿ ಇನ್ನೂ ನಿಂತಿವೆ. ಅವುಗಳ ಮೋಟು ನೀರಿನಿಂದ ಒಂದು ಗೇಣು ಕೆಳಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಫೈಬರ್ ತಳಕ್ಕೆ ಹೊಡೆದರೆ ಸೀಳಿಬಿಡುತ್ತದೆ. ಗಾಳಿ ನಮ್ಮನ್ನು ನೇರವಾಗಿ ಅತ್ತ ಕಡೆಗೇ ತಳ್ಳತೊಡಗಿತು. ಸುಧಾ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಈಜು ಬಾರದು. ನನಗೆ ಕೈಕಾಲು ತಣ್ಣಗಾದವು, ಬಾಯಿ ಮಾತ್ರ ಕಾದೇ ಇತ್ತು.

"ಏನ್ಲಾ ಮಾಡಿದ್ದೀಯ ನೀನು? ಮೂರು ದಿನದಲ್ಲಿ ಕೆಟ್ಟೋಗೋ ಹಂಗೆ ರಿಪೇರಿ ಮಾಡಕ್ಕೆ ನೀನೇ ಬೇಕಾಗಿತ್ತಾ?"

ಗಯಾಸುದ್ದೀನ್ ಪ್ಲಗ್ ಬಿಚ್ಚಿ ನೋಡಿದ, ಕಿಡಿ ಬರುತ್ತಿತ್ತು. ಬಗ್ಗಿ ಪ್ರೊಪೆಲ್ಲರಿಗೆ ಕೈ ಹಾಕಿದ, ಜೊಂಡು ಸುತ್ತಿಕೊಂಡಿರಲಿಲ್ಲ. ಪೆಟ್ರೋಲ್ ಪೈಪಿನ ನಡುವೆ ಒತ್ತುವ ರಬ್ಬರ್ ಉಂಡೆಯೊಂದು ಇರುತ್ತದೆ. ಅದು ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿತ್ತು. ಅದನ್ನು ನೋಡಿ ಅವನು ಸುಮ್ಮನೆ ಕೂತ.

ದೋಣಿಯ ಮೂತಿ ಒಂದು ಮೋಟಿಗೆ ತಾಗುವುದರಲ್ಲಿತ್ತು. ನಾನು ಅದಕ್ಕೆ ಹುಟ್ಟು ಊರಿ, ಎದೆ ಕೊಟ್ಟು ತಡೆದು ನಿಂತೆ. "ಯಾಕ್ಲಾ ಕೂತೆ?"

"ಟ್ಯಾಂಕಿಗೆ ಗಾಳಿ ಹೋಗ್ತಿಲ್ಲ ಯಜಮಾನ್ರೆ. ಮುಚ್ಚಳದ ಮೇಲೆ ಸಣ್ಣ ತೂತೈತೆ. ವಿಭೂತಿ ಅದ್ರೊಳೀಕೆ ಹೋಗಿ ಗಟ್ಟಿಯಾಗೈತೆ."

"ಒರಸು ಮತ್ತೆ."

"ಪೂಜೆ ಆಗಿರೋದು. ನಾನ್ ಒರಸಬೌದಾ?" ಎಂದ. ಆಮೇಲೆ ಮೆಲ್ಲಗೆ, "ದಡದಲ್ಲೇ ನೋಡ್ದೆ. ಕೇಳಕ್ಕೆ ಬಾಯಿ ಬರ್ಲಿಲ್ಲ. ಅವತ್ತು ಪಂಪ್‌ಸೆಟ್ಟಿನ ಕುಂಕುಮ ಒರಸಿದ್ದಕ್ಕೆ ನೀವು ನಾಕು ಜನದ ಮುಂದೆ ಬೈದಿದ್ರಲ್ಲ" ಎಂದ.

ಅದಾಗಿ ಹನ್ನೊಂದು ವರ್ಷವಾಗಿತ್ತು. ಬೈದವನು ನಾನು ಮರೆತಿದ್ದೆ. ಬೈಸಿಕೊಂಡವನು ಹೇಗೆ ಮರೆತಾನು? ನನ್ನ ಮಗಳನ್ನು, ಅವಳ ಹೊಟ್ಟೆಯಲ್ಲಿರುವ ಕೂಸನ್ನು ಮೋಟಿನ ಬಾಯಿಗೆ ತಂದು ನಿಲ್ಲಿಸಿದ್ದು ನನ್ನದೇ ನಾಲಿಗೆ. ನಾನೇ ಒರೆಸೋಣವೆಂದರೆ ಹಿಡಿದ ಹುಟ್ಟು ಬಿಡುವ ಹಾಗಿರಲಿಲ್ಲ.

"ಒರಸಪ್ಪ ಗಯಾಸು. ತಪ್ಪಾಯ್ತು, ಒರಸು" ಎಂದೆ.

ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಅವನು ಕೆಳಗಿಟ್ಟ. ಜೇಬಿನಿಂದ ಬಿಳಿಯ ಕರ್ಚೀಫು ತೆಗೆದು, ನೀರಲ್ಲಿ ಅದ್ದಿ ವಿಭೂತಿಯನ್ನು ಒರೆಸಿದ. ತೂತಿನೊಳಗೆ ತಂತಿ ತೂರಿಸಿದ ಕೂಡಲೇ ಟ್ಯಾಂಕು ಸುಯ್ಯೆಂದು ಉಸಿರೆಳೆದುಕೊಂಡಿತು. ರಬ್ಬರ್ ಉಂಡೆ ಉಬ್ಬಿತು. ಅದನ್ನು ನಾಲ್ಕು ಸಲ ಒತ್ತಿ ಹಗ್ಗ ಎಳೆದ. ಮೂರನೆಯ ಎಳೆತಕ್ಕೆ ಇಂಜಿನ್ ಹತ್ತಿಕೊಂಡಿತು. ಆ ಗಡಗಡ ಸದ್ದು ಅಷ್ಟು ಹಿತವಾಗಿ ನನಗೆ ಯಾವತ್ತೂ ಕೇಳಿಸಿರಲಿಲ್ಲ. ಸುಧಾ ಅಳುತ್ತಲೇ ನಕ್ಕಳು. ನನ್ನ ಕಣ್ಣೂ ಒದ್ದೆಯಾಯಿತು, ಅದನ್ನು ಮುಚ್ಚಿಡಲು ಹೋಗಲಿಲ್ಲ.

ದಡದಲ್ಲಿ ಪ್ರಮೀಳಾ ಮಗಳ ಕೈ ಹಿಡಿದು ಇಳಿಸಿಕೊಂಡು, "ಯಾಕ್ರೀ ಇಷ್ಟೊತ್ತು?" ಎಂದಳು.

"ನಂದೇ ತಪ್ಪು ಕಣಮ್ಮ. ಮುಚ್ಚಳ ಸರಿಯಾಗಿ ನೋಡ್ಲಿಲ್ಲ" ಎಂದ ಗಯಾಸುದ್ದೀನ್.

"ಸುಳ್ಳು" ಎಂದೆ ನಾನು. "ಅವ್ನು ನೋಡಿದ್ದ. ನನ್ನ ಬಾಯಿಗೆ ಎದ್ರಿ ಸುಮ್ಮಗಿದ್ದ."

ಹೊಂಗೆ ಮರದ ನೆರಳಲ್ಲಿ ಕೂತು ಮೊಸರನ್ನ ತಿಂದೆವು. ಸುಧಾ ಎರಡು ಸಲ ಹಾಕಿಸಿಕೊಂಡಳು. ನನ್ನ ಎದೆಯ ಭಾರ ಇಳಿದು ಹಗುರಾಗಿತ್ತು, ಆ ಹಗುರದಲ್ಲೇ ಕೇಳಿದೆ:

"ಗಯಾಸು, ಹಿಂಗೇ ಹೇಳ್ದೆ ಇಟ್ಕೊಂಡಿರೋದು ಇನ್ನೇನಾದ್ರೂ ಐತಾ? ಇವತ್ತೇ ಹೇಳ್ಬುಡು. ಬಯ್ಯಲ್ಲ."

ಅವನು ಕೈ ತೊಳೆದುಕೊಂಡು, ಸ್ವಲ್ಪ ಯೋಚಿಸಿ, ಬೆರಳು ಮಡಿಸುತ್ತಾ ಶುರುಮಾಡಿದ. ಪ್ರೊಪೆಲ್ಲರಿನ ಪಿನ್ನು ಮುರಿದಾಗ ನಾನು ಮೊಳೆ ಬಡಿದಿದ್ದು. ಮಳೆಗಾಲವಿಡೀ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಟ್ಟಿದ್ದು. ಗೇರಿಗೆ ಟ್ರ್ಯಾಕ್ಟರಿನ ಮಿಕ್ಕ ಎಣ್ಣೆ ಸುರಿದಿದ್ದು. ಒಂದೊಂದಕ್ಕೂ ನನ್ನ ನಾಲಿಗೆ ತುರಿಸಿತು. ಮೊಸರನ್ನ ಬಾಯಿಗೆ ತುರುಕಿಕೊಂಡು ಕೇಳುತ್ತಾ ಕೂತೆ.

ಐದನೆಯ ಬೆರಳಿಗೆ ಬರುವ ಹೊತ್ತಿಗೆ ಪ್ರಮೀಳಾ ಖಾಲಿ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು ನನ್ನ ಎದುರಿಗೇ ಬಂದು ಕೂತಳು.

"ಅವ್ರದ್ದು ಮುಗೀಲಿ ಕಣ್ರೀ" ಎಂದಳು. "ಆಮೇಲೆ ನಂದೂ ಅವೆ."